ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಲ್ಯಾಪ್‌ಟಾಪಿನ ಚಾರ್ಜಿಂಗ್ ತೂತಿನಲ್ಲಿ ಕೂತ ಒಂದು ಚಿಟಿಕೆ ಧೂಳಿನ ಬೆಲೆ ಎಷ್ಟು? ಕೈಕೆಲಸ ಬಲ್ಲವನನ್ನು ಕೇಳಿದರೆ ಒಂದು ಹಲ್ಲುಕಡ್ಡಿ, ಒಂದು ಮೆತ್ತನೆಯ ಬ್ರಷ್ಷು, ಹತ್ತು ನಿಮಿಷದ ತಾಳ್ಮೆ ಎನ್ನುತ್ತಾನೆ. ಅದೇ ಪ್ರಶ್ನೆಯನ್ನು ತಣ್ಣನೆಯ ಗಾಳಿಯ ಸರ್ವಿಸ್ ಸೆಂಟರಿನ ಗಾಜಿನ ಮೇಜಿನ ಮುಂದೆ ಕೇಳಿದರೆ, "ಮದರ್‌ಬೋರ್ಡು ಬದಲಿಸಬೇಕು, ಅದಕ್ಕಿಂತ ಹೊಸದನ್ನು ಕೊಳ್ಳುವುದೇ ಲೇಸು" ಎಂಬ ಉತ್ತರ ಬರುವುದು ಇಂದು ಅಪರೂಪವಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಮ್ಮ ಹಿರಿಯರು ನಗುವುದಕ್ಕೆ ಕಟ್ಟಿದರು. ಇಂದಿನ ಕಂಪೆನಿಗಳು ಅದನ್ನೇ ವ್ಯಾಪಾರದ ಸೂತ್ರ ಮಾಡಿಕೊಂಡಿವೆ.

ನಮ್ಮ ವಾದ ಇಷ್ಟೇ. ಚಾರ್ಜಿಂಗ್ ಕಾಂಟ್ಯಾಕ್ಟು ಸವೆಯುವ ಭಾಗ. ಸವೆಯುವ ಭಾಗವನ್ನು ಒರೆಸುವ, ಬಿಚ್ಚುವ, ಬದಲಿಸುವ ಹಕ್ಕು ಹಣ ಕೊಟ್ಟು ಯಂತ್ರ ಕೊಂಡವನದು. ಆ ಹಕ್ಕಿನ ಮೇಲೆ ಬೆಸುಗೆ ಹಾಕಿ ಮುಚ್ಚುವುದು ಸುಲಿಗೆ. ಅದನ್ನು ಸುಲಿಗೆ ಎಂದೇ ಕರೆಯಬೇಕು.

"ಲ್ಯಾಪ್‌ಟಾಪು ಉಳ್ಳವರ ಆಟಿಕೆ, ಮಿಲ್ಲಿನ ಕೂಲಿಗೂ ಕಿರಾಣಿ ಅಂಗಡಿಯವನಿಗೂ ಅದರ ಗೊಡವೆ ಏಕೆ?" ಎನ್ನುವವರು ಇನ್ನೂ ಇದ್ದಾರೆ. ಅವರು ನಿದ್ದೆಯಿಂದ ಎದ್ದು ಸುತ್ತ ನೋಡಲಿ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂತು. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸರಕು ಸಾಗಣೆಗೂ ಇ-ವೇ ಬಿಲ್ಲು ತಂದ ಮೊದಲ ರಾಜ್ಯ ನಮ್ಮ ಕರ್ನಾಟಕವೇ. ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟು ವರ್ಷಕ್ಕೊಮ್ಮೆ ಗುಮಾಸ್ತರಿಗೆ ತೋರಿಸುವ ಕಾಲ ಹೋಯಿತು. ತಿಂಗಳ ಲೆಕ್ಕ ಒಪ್ಪಿಸುವ ವ್ಯಾಪಾರಿ ಮರುತಿಂಗಳ 20ನೆಯ ತಾರೀಖಿನೊಳಗೆ ಜಿ.ಎಸ್.ಟಿ.ಆರ್.-3ಬಿ ಸಲ್ಲಿಸಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿ ತಡಶುಲ್ಕ, ತೆರಿಗೆಯೇ ಇಲ್ಲದವನಿಗೂ ದಿನಕ್ಕೆ 20 ರೂಪಾಯಿ. ತೆರಿಗೆ ಬಾಕಿಯಿದ್ದರೆ ಅದರ ಮೇಲೆ ವರ್ಷಕ್ಕೆ ನೂರಕ್ಕೆ 18ರ ಬಡ್ಡಿ. 18ನೆಯ ತಾರೀಖಿನ ಸಂಜೆ ಲ್ಯಾಪ್‌ಟಾಪು ಚಾರ್ಜು ಹಿಡಿಯದೆ ಕಣ್ಣು ಮುಚ್ಚಿತೆನ್ನಿ. ಸರಕಾರ ಕಾಯುವುದೆ? ಬಡ್ಡಿ ಕಾಯುವುದೆ?

ಇನ್ನು ಮಿಲ್ಲಿನ ಕಾರ್ಮಿಕನ ಮಾತು. ಮಗಳು ಡಿಪ್ಲೊಮಾಕ್ಕೋ ಇಂಜಿನಿಯರಿಂಗಿಗೋ ಸೇರಿದರೆ ಮೊದಲು ಬೇಕಾಗುವುದು ಲ್ಯಾಪ್‌ಟಾಪು. ಕೆಲವರಿಗೆ ಸರಕಾರದ ಯೋಜನೆಯಲ್ಲಿ ಸಿಕ್ಕೀತು. ಮಿಕ್ಕವರು ಸೊಸೈಟಿಯ ಸಾಲದಲ್ಲೋ ಕಂತಿನ ಮೇಲೋ ತರಬೇಕು. ಕಂತು ತೀರುವ ಮುನ್ನವೇ ಯಂತ್ರ ಕೂತರೆ, ಸತ್ತ ಎತ್ತಿನ ಸಾಲ ತೀರಿಸುವ ರೈತನ ಸ್ಥಿತಿ ಈ ಕಾರ್ಮಿಕನದೂ ಆಗುತ್ತದೆ. ಆದುದರಿಂದ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಈ ಪಿನ್ನಿನ ವಿಷಯ ಚಿಕ್ಕ ವಿಷಯವಲ್ಲ.

ಆ ಪಿನ್ನಿಗೆ ಏನಾಗುತ್ತದೆ?

ಕಾಯಿಲೆ ತಿಳಿಯದೆ ವೈದ್ಯನೊಡನೆ ವಾದಿಸಲಾಗದು. ಮೊದಲು ಕಾಯಿಲೆಯನ್ನು ತಿಳಿಯೋಣ.

ಸಾಮಾನ್ಯವಾದ 65 ವ್ಯಾಟಿನ ಚಾರ್ಜರು 19.5 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್ ವಿದ್ಯುತ್ತನ್ನು ಕಳಿಸುತ್ತದೆ. ಅಷ್ಟೂ ವಿದ್ಯುತ್ತು ಚಾರ್ಜರಿನ ಪಿನ್ನೂ ಲ್ಯಾಪ್‌ಟಾಪಿನ ಒಳಗಿನ ಸ್ಪ್ರಿಂಗಿನ ಎಲೆಯೂ ಮುಟ್ಟುವ ಎಳ್ಳುಕಾಳಿನಷ್ಟು ಜಾಗದಲ್ಲಿ ದಾಟಬೇಕು. ಎರಡೂ ಲೋಹ ಶುದ್ಧವಾಗಿ ಬಿಗಿಯಾಗಿ ಕೂಡಿದ್ದರೆ ಅಲ್ಲಿಯ ತಡೆ ಓಮಿನ ನೂರರಲ್ಲೊಂದು ಪಾಲಿನ ಆಸುಪಾಸು. ಆಗ ಹುಟ್ಟುವ ಶಾಖ ವ್ಯಾಟಿನ ಹತ್ತರಲ್ಲೊಂದು ಭಾಗ ಮಾತ್ರ. ಕೈಗೆ ತಿಳಿಯುವುದೂ ಇಲ್ಲ. ಧೂಳು, ಬಟ್ಟೆಯ ಜುಂಗು, ಬೆವರಿನ ಉಪ್ಪು, ಮಳೆಗಾಲದ ತೇವ ಇವೆಲ್ಲ ಸೇರಿ ನಡುವೆ ಒಂದು ಪೊರೆ ಕಟ್ಟಿ, ತಡೆ ಅರ್ಧ ಓಮಿಗೆ ಏರಿತೆನ್ನಿ. ಲೆಕ್ಕ ಸರಳ: ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ, ತಡೆಯಿಂದ ಮತ್ತೆ ಗುಣಿಸಬೇಕು. ಬರುವುದು ಸುಮಾರು 5.5 ವ್ಯಾಟ್. ರೇಡಿಯೋ ರಿಪೇರಿಯವನ ಕೈಯಲ್ಲಿರುವ ಬೆಸುಗೆ ಹಾಕುವ ಕಾವು 25 ವ್ಯಾಟಿನದು. ಅದರ ಐದನೆಯ ಒಂದು ಪಾಲಿಗಿಂತ ಹೆಚ್ಚು ಶಾಖ ಎಳ್ಳುಕಾಳಿನಷ್ಟು ಜಾಗದಲ್ಲಿ ಗಂಟೆಗಟ್ಟಲೆ ಕೂತರೆ ಏನಾದೀತು? ಸ್ಪ್ರಿಂಗು ಬಿಗಿ ಕಳೆದುಕೊಳ್ಳುತ್ತದೆ. ಸಡಿಲವಾದಷ್ಟೂ ತಡೆ ಏರುತ್ತದೆ, ತಡೆ ಏರಿದಷ್ಟೂ ಶಾಖ ಏರುತ್ತದೆ. ಪಿನ್ನು ಮೊದಲು ಕಂದು, ಆಮೇಲೆ ಕಪ್ಪು. ಕೊನೆಗೆ ಸುತ್ತಲಿನ ಪ್ಲಾಸ್ಟಿಕ್ಕೂ ಕರಗುತ್ತದೆ. ಹತ್ತಿಯ ಜುಂಗು ಹಾರುವ ಗಿರಣಿಯ ಕಚೇರಿ, ಹಿಟ್ಟಿನ ಗಿರಣಿ, ಒಣಮೆಣಸಿನಕಾಯಿ ಮಂಡಿ, ಉಪ್ಪುಗಾಳಿಯ ಕರಾವಳಿ: ಇಂಥ ಕಡೆ ಈ ಕಾಯಿಲೆ ಬೇಗ ಹಿಡಿಯುತ್ತದೆ.

ಮಿಲ್ಲಿನಲ್ಲಿ ದುಡಿದವರಿಗೆ ಇದು ಹೊಸ ಕಥೆಯಲ್ಲ. ಮೋಟಾರಿನ ಸ್ಟಾರ್ಟರು ಪ್ರತಿಸಲ ಎಳೆದಾಗಲೂ ಬಿಟ್ಟಾಗಲೂ ಕಿಡಿ ಹಾರುತ್ತದೆ. ಒಳಗಿನ ಕಾಂಟ್ಯಾಕ್ಟು ಕುಳಿ ಬೀಳುತ್ತದೆ, ಕಪ್ಪಾಗುತ್ತದೆ. ಆಗ ಫಿಟ್ಟರು ಏನು ಮಾಡುತ್ತಾನೆ? ಮೇನು ಆಫ್ ಮಾಡಿ, ಮುಚ್ಚಳ ಬಿಚ್ಚಿ, ಕಾಂಟ್ಯಾಕ್ಟನ್ನು ನೋಡುತ್ತಾನೆ. ಕಸವಿದ್ದರೆ ಒರೆಸುತ್ತಾನೆ. ಸವೆದಿದ್ದರೆ ಅಂಗಡಿಯಿಂದ ಹೊಸ ಕಾಂಟ್ಯಾಕ್ಟು ತಂದು ಕೂಡಿಸುತ್ತಾನೆ. ಸ್ಟಾರ್ಟರನ್ನು ಎಸೆಯುವುದಿಲ್ಲ. ಮೋಟಾರನ್ನಂತೂ ಎಸೆಯುವುದೇ ಇಲ್ಲ. ಲಾಳಿ ಸವೆದರೆ ಮಗ್ಗವನ್ನು ಗುಜರಿಗೆ ಹಾಕಿರಿ ಎಂದು ಯಾವನಾದರೂ ಹೇಳಿದ್ದರೆ ಕಾರ್ಮಿಕರು ನಕ್ಕು ಓಡಿಸುತ್ತಿದ್ದರು. ಸಾವಿರಾರು ರೂಪಾಯಿಯ ಲ್ಯಾಪ್‌ಟಾಪಿನ ವಿಷಯದಲ್ಲಿ ಅದೇ ಮಾತನ್ನು ಟೈ ಕಟ್ಟಿದವನೊಬ್ಬ ಹೇಳಿದರೆ ನಾವು ತಲೆಬಾಗಿ ಕೇಳುತ್ತೇವೆ. ಇದು ಯಾವ ನ್ಯಾಯ?

ಕೈಲಾದ ಕೆಲಸ

ಬರೀ ಬೈದು ಮುಗಿಸುವುದು ನಮ್ಮ ಉದ್ದೇಶವಲ್ಲ. ಓದುಗರು ತಾವೇ ಮಾಡಬಹುದಾದುದನ್ನು ಇಲ್ಲಿ ಸ್ಪಷ್ಟವಾಗಿ ಹೇಳುತ್ತೇವೆ.

ಮೊದಲು ತಪ್ಪು ಎಲ್ಲಿದೆ ಎಂದು ಗೊತ್ತುಮಾಡಿರಿ. ಗೋಡೆಯ ಸಾಕೆಟ್ಟು ಸಡಿಲವಿದೆಯೆ? ಅದೇ ಜಾತಿಯ, ಅದೇ ವೋಲ್ಟಿನ, ಕಡಿಮೆಯಿಲ್ಲದ ವ್ಯಾಟಿನ ಬೇರೊಂದು ಚಾರ್ಜರನ್ನು ಹಾಕಿದರೆ ಚಾರ್ಜು ಹಿಡಿಯುತ್ತದೆಯೆ? ಹಿಡಿದರೆ ತಪ್ಪು ಚಾರ್ಜರಿನದು. ಲ್ಯಾಪ್‌ಟಾಪನ್ನು ಮುಟ್ಟುವ ಕೆಲಸವೇ ಇಲ್ಲ. ಡೆಲ್, ಎಚ್‌ಪಿ ಕಂಪೆನಿಗಳ ದುಂಡು ಪಿನ್ನಿನ ನಡುವೆ ಸೂಜಿಯಂಥ ಇನ್ನೊಂದು ಪಿನ್ನಿರುತ್ತದೆ. ಅದು ಶಕ್ತಿ ಸಾಗಿಸುವ ತಂತಿಯಲ್ಲ. ಚಾರ್ಜರಿನ ಗುರುತನ್ನು ಲ್ಯಾಪ್‌ಟಾಪಿಗೆ ಹೇಳುವ ತಂತಿ. ಅದು ಬಾಗಿದರೆ, ಮುರಿದರೆ, ಕಸ ಹಿಡಿದರೆ ಲ್ಯಾಪ್‌ಟಾಪು ಚಾರ್ಜರನ್ನು ಗುರುತಿಸುವುದಿಲ್ಲ. ದೀಪ ಉರಿಯುತ್ತದೆ, ಯಂತ್ರ ಮೆಲ್ಲಗೆ ನಡೆಯುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಇಷ್ಟು ತಿಳಿಯದವನು ಬ್ಯಾಟರಿ ಬದಲಿಸುತ್ತಾನೆ. ದುಡ್ಡು ಹೋಗುತ್ತದೆ, ರೋಗ ಹಾಗೆಯೇ ಉಳಿಯುತ್ತದೆ.

ತಪ್ಪು ಲ್ಯಾಪ್‌ಟಾಪಿನ ತೂತಿನಲ್ಲಿದೆಯೆಂದಾದರೆ ಚಾರ್ಜರನ್ನು ಗೋಡೆಯಿಂದಲೂ ಯಂತ್ರದಿಂದಲೂ ಕಿತ್ತಿಡಿ. ಲ್ಯಾಪ್‌ಟಾಪನ್ನು ನಿದ್ದೆಗೆ ಹಾಕಿದರೆ ಸಾಲದು, ಪೂರ್ತಿ ಆಫ್ ಮಾಡಿರಿ. ಬ್ಯಾಟರಿ ಹೊರಗೆ ಬರುವ ಜಾತಿಯದಾದರೆ ತೆಗೆಯಿರಿ. ಬಿಸಿಯಾಗಿದ್ದರೆ ಆರಲು ಬಿಡಿ. ಟಾರ್ಚು ಹಿಡಿದು ಒಳಗೆ ನೋಡಿರಿ. ಜುಂಗು ಕಂಡರೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಮೀಟಿ ತೆಗೆಯಿರಿ. ಸೂಜಿ, ಪಿನ್ನು, ಬ್ಲೇಡು ಹಾಕಬೇಡಿ. ಲೋಹ ಎರಡು ಪಿನ್ನುಗಳನ್ನು ಒಂದುಗೂಡಿಸಿದರೆ ಯಂತ್ರವೇ ಸುಟ್ಟೀತು. ಬಾಯಿಂದ ಊದಬೇಡಿ, ಉಗುಳಿನ ತೇವ ಒಳಗೆ ಹೋಗುತ್ತದೆ. ರಬ್ಬರಿನ ಗಾಳಿಬುಗ್ಗೆಯಿಂದ ಊದಿರಿ. ಆಮೇಲೆ ಮೊಬೈಲ್ ರಿಪೇರಿಯವರು ಐ.ಪಿ.ಎ. ಎಂದು ಕರೆಯುವ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ, ನೂರಕ್ಕೆ 99 ಶುದ್ಧವಾದುದರಲ್ಲಿ, ಚಿಕ್ಕ ಬ್ರಷ್ಷನ್ನು ಅದ್ದಿ, ಹಿಂಡಿ, ಕಾಂಟ್ಯಾಕ್ಟನ್ನು ಒರೆಸಿರಿ. ಹತ್ತಿರದಲ್ಲಿ ಬೀಡಿ ದೀಪ ಬೇಡ; ಅದು ಹೊತ್ತಿಕೊಳ್ಳುವ ದ್ರವ. ಸೀಮೆಎಣ್ಣೆ, ಪೆಟ್ರೋಲು, ಕೊಬ್ಬರಿ ಎಣ್ಣೆ ಇವಾವುವೂ ಬೇಡ. ಅರ್ಧ ಗಂಟೆ ಒಣಗಲು ಬಿಡಿ. ಚಾರ್ಜರಿನ ಪಿನ್ನನ್ನೂ ಹೀಗೆಯೇ ಒರೆಸಿರಿ. ಒಂದು ಕೈ ತೊಳೆದು ಇನ್ನೊಂದನ್ನು ಹಾಗೆಯೇ ಬಿಟ್ಟರೆ ಏನು ಬಂತು?

ಮಿಲ್ಲಿನ ಗೆಳೆಯರಿಗೆ ಒಂದು ಎಚ್ಚರಿಕೆ. ಸ್ಟಾರ್ಟರಿನ ಅಭ್ಯಾಸದಲ್ಲಿ ಇಲ್ಲಿ ಪಾಲಿಶ್ ಕಾಗದ ಹಾಕಬೇಡಿ. ಒಳ್ಳೆಯ ಚಾರ್ಜಿಂಗ್ ಪಿನ್ನಿನ ಮೇಲಿನ ಚಿನ್ನದ ಲೇಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ತೆಳು. ತಲೆಗೂದಲು ಅದಕ್ಕಿಂತ ಹತ್ತಾರು ಪಟ್ಟು ದಪ್ಪ. ಕಾಗದ ಎರಡು ಸಲ ಉಜ್ಜಿದರೆ ಚಿನ್ನ ಹೋಗಿ ಕೆಳಗಿನ ಲೋಹ ಮೇಲೆ ಬರುತ್ತದೆ. ಅದು ಬೇಗ ತುಕ್ಕು ಹಿಡಿಯುತ್ತದೆ. ಅಯಸ್ಕಾಂತದಿಂದ ಅಂಟಿಕೊಳ್ಳುವ ಚಪ್ಪಟೆ ಕಾಂಟ್ಯಾಕ್ಟಿನ ಮೇಲೆ ಕಲೆ ಹಠ ಹಿಡಿದರೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಒಂದೆರಡು ಸಲ ಹಗುರವಾಗಿ ಉಜ್ಜಬಹುದು. ಅದಕ್ಕಿಂತ ಮುಂದೆ ಹೋಗಬೇಡಿ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕೊಳಕು ಬೇರೆ, ಸುಟ್ಟದ್ದು ಬೇರೆ. ಕೊಳಕು ಒರೆಸಿದರೆ ಹೋಗುತ್ತದೆ. ಪ್ಲಾಸ್ಟಿಕ್ಕು ಕರಗಿದ್ದರೆ, ಪಿನ್ನು ಅಲುಗಾಡುತ್ತಿದ್ದರೆ, ಹಸಿರು ಕಿಲುಬು ಬೇರೂರಿದ್ದರೆ, ಒರೆಸಿದ ಮೇಲೂ ಕಾಲು ಗಂಟೆಯಲ್ಲಿ ಚಾರ್ಜರಿನ ತುದಿ ಮುಟ್ಟಲಾಗದಷ್ಟು ಬಿಸಿಯಾಗುತ್ತಿದ್ದರೆ, ಆ ಜ್ಯಾಕು ಸತ್ತಿದೆ. ಒರೆಸಿ ಒರೆಸಿ ಉಪಯೋಗಿಸುವುದು ಬೆಂಕಿಯ ಜೊತೆ ಸರಸ. ಅಲ್ಲಿ ಬೇಕಾದುದು ಹೊಸ ಜ್ಯಾಕು. ನೆನಪಿಡಿ, ಹೊಸ ಜ್ಯಾಕು, ಹೊಸ ಲ್ಯಾಪ್‌ಟಾಪಲ್ಲ. ನಮ್ಮ ಜಗಳ ಇರುವುದು ಈ ಎರಡರ ನಡುವಿನ ಅಂತರದಲ್ಲಿ.

ಕೊಡಲಿ ಹಿಡಿದವರು ಯಾರು?

ಹಿಂದಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಚಾರ್ಜಿಂಗ್ ಜ್ಯಾಕು ಒಂದು ಚಿಕ್ಕ ತಂತಿಯ ತುದಿಯಲ್ಲಿರುತ್ತಿತ್ತು. ಕೆಳಗಿನ ಮುಚ್ಚಳ ಬಿಚ್ಚಿ, ತಂತಿಯ ಕೊಂಡಿ ಕಿತ್ತು, ಹೊಸದನ್ನು ಸಿಕ್ಕಿಸಿದರೆ ಕೆಲಸ ಮುಗಿಯಿತು. ಭಾಗದ ಬೆಲೆ ಕೆಲವು ನೂರು ರೂಪಾಯಿ, ಕೂಲಿ ಅಷ್ಟೇ. ಈಗ ಟೈಪ್-ಸಿ ಪೋರ್ಟು ಬಂದಿದೆ. ಅದನ್ನು ನಾವು ವಿರೋಧಿಸುವುದಿಲ್ಲ. ಮನೆಗೊಂದು ಜಾತಿಯ ಚಾರ್ಜರು ತುಂಬಿದ್ದ ಕಾಲ ಹೋಗಿ ಎಲ್ಲಕ್ಕೂ ಒಂದೇ ಚಾರ್ಜರು ಎಂಬುದು ಬಡವನಿಗೆ ಲಾಭವೇ. 2022ರ ನವೆಂಬರ್‌ನಲ್ಲಿ ದಿಲ್ಲಿಯಲ್ಲಿ ಸೇರಿದ ಸರಕಾರ ಮತ್ತು ಉದ್ಯಮದ ಕಾರ್ಯಪಡೆ ಮೊಬೈಲು, ಟ್ಯಾಬ್ಲೆಟ್ಟು, ಲ್ಯಾಪ್‌ಟಾಪುಗಳಿಗೆ ಟೈಪ್-ಸಿಯೇ ಇರಲಿ ಎಂದು ಒಪ್ಪಿತು. ಐರೋಪ್ಯ ಒಕ್ಕೂಟ ಕಾನೂನನ್ನೇ ಮಾಡಿ, ಮೊಬೈಲುಗಳಿಗೆ 2024ರ ಡಿಸೆಂಬರ್ 28ರಿಂದಲೂ ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರಿಂದಲೂ ಎಂದು ಗಡುವು ಹಾಕಿತು.

ಒಳ್ಳೆಯದೇ ಆಯಿತು. ಆದರೆ ಆ ಪುಟ್ಟ ಬಾಯಿಯಲ್ಲಿ 24 ಪಿನ್ನುಗಳನ್ನು ಅರ್ಧ ಮಿಲಿಮೀಟರಿಗೊಂದರಂತೆ ಜೋಡಿಸಿದ್ದಾರೆ. ಚಾರ್ಜು, ಪರದೆ, ಪೆನ್‌ಡ್ರೈವು ಎಲ್ಲಕ್ಕೂ ಅದೇ ಬಾಗಿಲು. ಎಲ್ಲರೂ ನುಗ್ಗುವ ಬಾಗಿಲಿನ ಹೊಸ್ತಿಲು ಮೊದಲು ಸವೆಯುತ್ತದೆ. ಈ ಪೋರ್ಟಿನ ನಿಯಮಾವಳಿಯೇ 10,000 ಸಲ ಹಾಕಿ ತೆಗೆಯುವ ಬಾಳಿಕೆಯನ್ನು ಹೇಳಿದೆ. ದಿನಕ್ಕೆ ನಾಲ್ಕು ಸಲವಾದರೆ ಏಳು ವರ್ಷಕ್ಕೂ ಕಡಿಮೆ. ಧೂಳಿನಲ್ಲಿ ಇನ್ನೂ ಬೇಗ. ಅಂದರೆ ಇದು ಸವೆಯುತ್ತದೆಂದು ಮಾಡಿದವರಿಗೇ ಗೊತ್ತು. ಗೊತ್ತಿದ್ದೂ ಅನೇಕ ಮಾದರಿಗಳಲ್ಲಿ ಅದನ್ನು ಮದರ್‌ಬೋರ್ಡಿಗೇ ಬೆಸೆದಿದ್ದಾರೆ. ಮಿದುಳೂ ಅದೇ ಹಲಗೆಯಲ್ಲಿ, ಹಲವು ಮಾದರಿಗಳಲ್ಲಿ ನೆನಪಿನ ಚಿಪ್ಪೂ ಅದೇ ಹಲಗೆಯಲ್ಲಿ, ದಿನಾ ಸವೆಯುವ ಬಾಯಿಯೂ ಅದೇ ಹಲಗೆಯಲ್ಲಿ. ಹೊಸ್ತಿಲು ಸವೆದರೆ ಮನೆ ಕೆಡವಬೇಕು ಎಂಬಂತೆ ಕಟ್ಟಿದ ಮನೆ ಇದು.

ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ದುಡಿಯುವ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ಕೂಲಿಯವನೇ. ಇಡೀ ಬೋರ್ಡು ಕಿತ್ತು ಇಡೀ ಬೋರ್ಡು ಹಾಕುವುದು ಅವನಿಗೆ ಕಲಿಸಿದ ಕೆಲಸ. ಬೆಸುಗೆಯ ಕಾವು ಅವನ ಮೇಜಿನ ಮೇಲಿಲ್ಲದಿದ್ದರೆ ಅದು ಅವನ ತಪ್ಪಲ್ಲ. ಈ ಏರ್ಪಾಟು ಯಾರಿಗೆ ಲಾಭ ಎಂಬುದೇ ಪ್ರಶ್ನೆ. ಹತ್ತು ನಿಮಿಷ ಒರೆಸಿದರೆ ಕಂಪೆನಿಗೆ ಏನೂ ಹುಟ್ಟುವುದಿಲ್ಲ. ಜ್ಯಾಕು ಬದಲಿಸಿದರೆ ಹುಟ್ಟುವುದು ಚಿಲ್ಲರೆ. ಬೋರ್ಡು ಮಾರಿದರೆ ಸಾವಿರಗಳು. ಹೊಸ ಯಂತ್ರ ಮಾರಿದರೆ ಹತ್ತಾರು ಸಾವಿರ. ನೀರು ತಗ್ಗಿಗೆ ಹರಿಯುವಂತೆ ಸಲಹೆಯೂ ಲಾಭವಿದ್ದ ಕಡೆಗೇ ಹರಿಯುತ್ತದೆ.

ಅತ್ತ ನಮ್ಮ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಮೇಜು, ಒಂದು ಭೂತಗನ್ನಡಿ, ಒಂದು ಬಿಸಿಗಾಳಿಯ ಯಂತ್ರ ಇಟ್ಟುಕೊಂಡ ರಿಪೇರಿಯವನು ಕೂತಿದ್ದಾನೆ. ಬೋರ್ಡಿನ ಮೇಲಿನ ಸುಟ್ಟ ಪೋರ್ಟನ್ನು ಎತ್ತಿ ಹೊಸದನ್ನು ಕೂಡಿಸುವ ಕೈ ಅವನಿಗಿದೆ. ಅವನ ಕೈಗೆ ಕಂಪೆನಿ ಬೋರ್ಡಿನ ನಕ್ಷೆ ಕೊಡುವುದಿಲ್ಲ, ಅಸಲಿ ಬಿಡಿಭಾಗ ಮಾರುವುದಿಲ್ಲ. ಎಲ್ಲಿಂದಲೋ ಸಿಕ್ಕಿದ ನಕ್ಷೆ, ಗುಜರಿ ಬೋರ್ಡಿನಿಂದ ಎತ್ತಿದ ಪೋರ್ಟು, ಇವುಗಳಿಂದ ಅವನು ದುಡಿಯಬೇಕು. ಕಣ್ಣಿಗೆ ಬಟ್ಟೆ ಕಟ್ಟಿ, ಆಮೇಲೆ "ನೋಡಿ, ಎಡವಿದ" ಎಂದು ಬೊಟ್ಟು ಮಾಡುವವರನ್ನು ಏನೆನ್ನಬೇಕು?

ಅವರ ವಾದಗಳು

ಕಂಪೆನಿಯ ಪರವಾಗಿ ಮೂರು ವಾದಗಳನ್ನು ಸದಾ ಮುಂದಿಡುತ್ತಾರೆ.

ಮೊದಲನೆಯದು ಸುರಕ್ಷತೆ. "ಕಂಡಕಂಡವರು ಬಿಚ್ಚಿದರೆ ಬೆಂಕಿ ಬೀಳುತ್ತದೆ" ಎನ್ನುತ್ತಾರೆ. ಅಪಾಯವಿಲ್ಲವೆಂದು ನಾವೂ ಹೇಳುವುದಿಲ್ಲ. ಮೇಲೆಯೇ ಎಚ್ಚರಿಕೆ ಕೊಟ್ಟಿದ್ದೇವೆ. ಆದರೆ ಬೆಂಕಿಯ ದಾರಿ ಯಾವುದು? ಕಸ ಹಿಡಿದ ಕಾಂಟ್ಯಾಕ್ಟನ್ನು ಹಾಗೆಯೇ ಬಳಸುವುದು. ರಿಪೇರಿ ದುಬಾರಿಯಾದಷ್ಟೂ ಬಡವನು ಸುಟ್ಟ ಪಿನ್ನನ್ನೇ ಅಲುಗಾಡಿಸಿ, ಕೆಳಗೆ ಪುಸ್ತಕ ಒತ್ತಿಟ್ಟು, ನಕಲಿ ಚಾರ್ಜರು ಸಿಕ್ಕಿಸಿ ದಿನ ದೂಡುತ್ತಾನೆ. ಸುರಕ್ಷತೆ ಬೇಕಾದರೆ ಅಗ್ಗದ ಅಸಲಿ ಭಾಗ ಕೊಡಿ, ಸರಿಯಾದ ನಕ್ಷೆ ಕೊಡಿ.

ಎರಡನೆಯದು ವಾರಂಟಿ. "ಹೊರಗಿನವನು ಮುಟ್ಟಿದರೆ ವಾರಂಟಿ ಹೋಯಿತು" ಎಂದು ಹೆದರಿಸುತ್ತಾರೆ. ಬಂಡವಾಳಗಾರರ ಸ್ವರ್ಗವೆನಿಸಿದ ಅಮೆರಿಕದಲ್ಲೇ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆ, ನಮ್ಮ ಭಾಗವನ್ನೇ ಹಾಕಬೇಕು, ನಮ್ಮಲ್ಲೇ ರಿಪೇರಿ ಮಾಡಿಸಬೇಕು ಎಂದು ವಾರಂಟಿಗೆ ಗಂಟು ಹಾಕುವುದನ್ನು ಸಾಮಾನ್ಯವಾಗಿ ನಿಷೇಧಿಸಿದೆ. "ಈ ಚೀಟಿ ಹರಿದರೆ ವಾರಂಟಿ ಇಲ್ಲ" ಎಂಬ ಧೋರಣೆಗಾಗಿ 2018ರಲ್ಲಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಆರು ಕಂಪೆನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಹಾಗೆಂದು ನಮ್ಮ ಓದುಗರು ವಾರಂಟಿ ಇರುವಾಗ ದುಡುಕಬಾರದು: ಆ ಅವಧಿಯಲ್ಲಿ ಹೊರಗಿನಿಂದ ಒರೆಸಿರಿ, ಬಿಚ್ಚಬೇಡಿ; ಕಂಪೆನಿಯ ಕೈಯಿಂದಲೇ ಪುಕ್ಕಟೆ ಮಾಡಿಸಿಕೊಳ್ಳಿ.

ಮೂರನೆಯದು ತೆಳುತನ. "ಯಂತ್ರ ತೆಳ್ಳಗಿರಬೇಕಾದರೆ ಎಲ್ಲವನ್ನೂ ಒಂದೇ ಬೋರ್ಡಿನಲ್ಲಿ ಬೆಸೆಯಬೇಕಾಗುತ್ತದೆ" ಎನ್ನುತ್ತಾರೆ. ಇದು ಸುಳ್ಳೆಂಬುದಕ್ಕೆ ಕಂಪೆನಿಗಳ ಯಂತ್ರಗಳೇ ಸಾಕ್ಷಿ. ಆಪಲ್ ಕಂಪೆನಿಯು 2021ರ ಮ್ಯಾಕ್‌ಬುಕ್ ಪ್ರೋದಲ್ಲಿ ಅಯಸ್ಕಾಂತದ ಚಾರ್ಜಿಂಗ್ ಪೋರ್ಟನ್ನೂ ಟೈಪ್-ಸಿ ಪೋರ್ಟುಗಳನ್ನೂ ಮದರ್‌ಬೋರ್ಡಿನಿಂದ ಬೇರೆಯಾಗಿ, ಕಳಚಿ ಬದಲಿಸುವಂತೆ ಇಟ್ಟಿತು. ಅದೇ ಕಂಪೆನಿ ಬೇರೆ ಭಾಗಗಳನ್ನು ಬೆಸೆದು ಮುಚ್ಚಿರುವುದು ಇನ್ನೊಂದು ಜಗಳ. ಈ ಒಂದು ವಿಷಯದಲ್ಲಿ ಅದರ ಸಾಕ್ಷ್ಯ ನಮ್ಮ ಕಡೆಗಿದೆ. ಅಮೆರಿಕದ ಫ್ರೇಮ್‌ವರ್ಕ್ ಎಂಬ ಚಿಕ್ಕ ಕಂಪೆನಿ ಅದೇ 2021ರಲ್ಲಿ ಹೊರಗಿನ ಪೋರ್ಟುಗಳನ್ನು ಬೆಂಕಿಪೊಟ್ಟಣದಂಥ ಬಿಡಿ ತುಂಡುಗಳಲ್ಲಿ ಕೊಟ್ಟಿತು. ಸವೆದರೆ ಗ್ರಾಹಕನೇ ಕಿತ್ತು ಹೊಸದನ್ನು ತೂರಿಸಬಹುದು. ಉಳ್ಳವನ ತೆಳು ಯಂತ್ರದಲ್ಲಿ ಆಗುವುದು ಬಡವನ ದಪ್ಪ ಯಂತ್ರದಲ್ಲಿ ಏಕೆ ಆಗದು?

ಸರಕಾರ ಎಲ್ಲಿದೆ?

ಫ್ರಾನ್ಸ್ ದೇಶ 2021ರ ಜನವರಿ 1ರಿಂದ ಲ್ಯಾಪ್‌ಟಾಪು ಸೇರಿದಂತೆ ಕೆಲವು ಸಾಮಾನುಗಳಿಗೆ ರಿಪೇರಿಯ ಅಂಕ ತಂದಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೆ, ಅದರ ಬೆಲೆ ಎಷ್ಟು, ಕೈಪಿಡಿ ಕೊಟ್ಟಿದ್ದಾರೆಯೆ ಎಂದು ನೋಡಿ ಹತ್ತಕ್ಕೆ ಎಷ್ಟು ಎಂದು ಅಂಗಡಿಯಲ್ಲೇ ತೋರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಕಾನೂನು, 100 ಡಾಲರಿಗೂ ಮೇಲಿನ ಎಲೆಕ್ಟ್ರಾನಿಕ್ ಸಾಮಾನಿಗೆ ಅದರ ತಯಾರಿಕೆ ನಿಂತ ಮೇಲೂ ಏಳು ವರ್ಷ ಬಿಡಿಭಾಗ, ಸಲಕರಣೆ, ಕೈಪಿಡಿ ಒದಗಿಸಬೇಕೆಂದು ಹೇಳುತ್ತದೆ.

ನಮ್ಮಲ್ಲಿ? ಕಾರಿನ ವಿಷಯದಲ್ಲಿ 2014ರ ಆಗಸ್ಟಿನಲ್ಲೇ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಅಪರಾಧವೇನು? ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ತಡೆದದ್ದು. ಕಂಪೆನಿಗಳು ಮೇಲ್ಮನವಿಗೆ ಓಡಿದವು, ಅದು ಬೇರೆ ಮಾತು. ಆಯೋಗ ಹಿಡಿದ ತತ್ವ ಮಾತ್ರ ಸರಿ. ಗ್ಯಾರೇಜಿನವನಿಗೆ ಸಲ್ಲುವ ನ್ಯಾಯ ಲ್ಯಾಪ್‌ಟಾಪು ರಿಪೇರಿಯವನಿಗೆ ಏಕೆ ಸಲ್ಲದು? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲನ್ನು ಉದ್ಘಾಟಿಸಿತು. 2024ರಲ್ಲಿ ರಿಪೇರಿ ಅಂಕದ ಬಗ್ಗೆ ಸಮಿತಿ ನೇಮಿಸಿತು. 2025ರ ಮೇ ತಿಂಗಳಲ್ಲಿ ಸಮಿತಿ ವರದಿ ಒಪ್ಪಿಸಿತು. ಪೋರ್ಟಲಿನಲ್ಲಿ ಕಂಪೆನಿಗಳ ದೂರವಾಣಿ ಸಂಖ್ಯೆ ನೋಡಿ ಸಮಾಧಾನ ಪಡುವುದಕ್ಕೆ ಹಕ್ಕು ಎನ್ನುತ್ತಾರೆಯೆ? ಕೊಡದಿದ್ದರೆ ಶಿಕ್ಷೆ ಎಂಬ ಮಾತಿಲ್ಲದ ಹಕ್ಕು ಹಲ್ಲಿಲ್ಲದ ಗರಗಸ.

ಎಸೆದ ಯಂತ್ರ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಹುಟ್ಟಿತು. ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದೆಂದು ದಾಖಲಾದುದು ನೂರಕ್ಕೆ 22.3 ಮಾತ್ರ. ಉಳಿದುದರಲ್ಲಿ ಎಷ್ಟೋ ಭಾಗ ಬಡವರ ಕೇರಿಗಳಲ್ಲಿ ಬರಿಗೈಯಿಂದ ಬಿಚ್ಚಿಸಿಕೊಂಡು, ಸುಡಿಸಿಕೊಂಡು, ಸೀಸದ ಹೊಗೆಯಾಗಿ ಕೂಲಿಯ ಮಕ್ಕಳ ಎದೆಗೆ ಸೇರುತ್ತದೆ. ಒಂದು ಪಿನ್ನು ಒರೆಸದೆ ಎಸೆದ ಯಂತ್ರದ ಬೆಲೆಯನ್ನು ಎರಡು ಸಲ ತೆರುವವನು ಬಡವನೇ: ಒಮ್ಮೆ ಅಂಗಡಿಯಲ್ಲಿ, ಒಮ್ಮೆ ಗುಜರಿಯಲ್ಲಿ.

ನಮ್ಮ ಬೇಡಿಕೆಗಳು

1. ಲ್ಯಾಪ್‌ಟಾಪಿನ ಚಾರ್ಜಿಂಗ್ ಪೋರ್ಟು ಮದರ್‌ಬೋರ್ಡಿನಿಂದ ಬೇರೆಯಾದ ಚಿಕ್ಕ ಬೋರ್ಡಿನ ಮೇಲೋ ತಂತಿಯ ತುದಿಯಲ್ಲೋ ಇರಬೇಕೆಂದು ಕಾನೂನು ಮಾಡಬೇಕು.

2. ಆ ಭಾಗವನ್ನು, ತಯಾರಿಕೆ ನಿಂತ ಮೇಲೂ ಏಳು ವರ್ಷ, ಗ್ರಾಹಕನಿಗೂ ಯಾವ ರಿಪೇರಿಯವನಿಗೂ ಪ್ರಕಟಿತ ಬೆಲೆಗೆ ಮಾರಬೇಕು.

3. ಬೋರ್ಡಿನ ನಕ್ಷೆಯನ್ನೂ ಬಿಚ್ಚುವ ಕೈಪಿಡಿಯನ್ನೂ ಪ್ರಕಟಿಸಬೇಕು. ರಿಪೇರಿಯ ಅಂಕವನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿಯೂ ಅಚ್ಚು ಮಾಡಬೇಕು.

4. ಬೋರ್ಡು ಬದಲಿಸಬೇಕು ಎನ್ನುವ ಸರ್ವಿಸ್ ಸೆಂಟರು ಕಾರಣವನ್ನು ಬರೆದು ಕೊಡಬೇಕು. ವಾರಂಟಿ ಮುಗಿದ ಯಂತ್ರದಿಂದ ಕಿತ್ತ ಹಳೆಯ ಬೋರ್ಡನ್ನು ಒಡೆಯನಿಗೆ ಮರಳಿಸಬೇಕು.

5. ಸರಕಾರ ವಿದ್ಯಾರ್ಥಿಗಳಿಗೂ ಕಚೇರಿಗಳಿಗೂ ಲ್ಯಾಪ್‌ಟಾಪು ಕೊಳ್ಳುವಾಗ ಮೊದಲ ಮೂರು ಷರತ್ತುಗಳನ್ನು ಟೆಂಡರಿನಲ್ಲೇ ಬರೆಯಬೇಕು. ಇದಕ್ಕೆ ಹೊಸ ಕಾನೂನೂ ಬೇಡ, ಮನಸ್ಸಿದ್ದರೆ ಸಾಕು.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಚಾರ್ಜರು ಸಿಕ್ಕಿಸುವಾಗ ಗೋಡೆಯ ಸ್ವಿಚ್ಚು ಆಫ್ ಇರಲಿ. ಕೀಳುವ ಮುನ್ನವೂ ಆಫ್ ಮಾಡಿರಿ. ಕಿಡಿ ತಪ್ಪುತ್ತದೆ, ಪಿನ್ನು ಬಾಳುತ್ತದೆ. ತಂತಿ ಹಿಡಿದು ಎಳೆಯಬೇಡಿ. ಧೂಳಿನ ಅಂಗಡಿಯಲ್ಲಿ ತಿಂಗಳಿಗೊಮ್ಮೆ ಪೋರ್ಟನ್ನು ನೋಡಿರಿ. ಪಿನ್ನು ಕಂದಾದಾಗಲೇ ತೋರಿಸಿರಿ, ಕಪ್ಪಾಗಲು ಬಿಡಬೇಡಿ. ಹೊಸದನ್ನು ಕೊಳ್ಳುವಾಗ ಅಂಗಡಿಯವನನ್ನು ಕೇಳಿರಿ: "ಚಾರ್ಜಿಂಗ್ ಪೋರ್ಟು ಬೇರೆ ಸಿಗುತ್ತದೆಯೆ?" ನೂರು ಜನ ಕೇಳಿದರೆ ಆ ಪ್ರಶ್ನೆ ಕಂಪೆನಿಯ ಕಿವಿಗೂ ಮುಟ್ಟುತ್ತದೆ. ಸರ್ವಿಸ್ ಸೆಂಟರು ಬೋರ್ಡಿನ ಮಾತು ತೆಗೆದರೆ ಬರೆದು ಕೊಡಲು ಹೇಳಿರಿ. ಆ ಚೀಟಿ ಹಿಡಿದು ಓಣಿಯ ರಿಪೇರಿಯವನ ಅಭಿಪ್ರಾಯವನ್ನೂ ಕೇಳಿರಿ. ಮೋಸ ಕಂಡರೆ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದರಿಂದಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿನ ದೂರಿಗೆ ಅಲ್ಲಿ ಶುಲ್ಕವೇ ಇಲ್ಲ. ವಕೀಲರಿಲ್ಲದೆಯೂ ನಿಮ್ಮ ಅಹವಾಲನ್ನು ನೀವೇ ಹೇಳಬಹುದು.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂದು ನಮ್ಮವರು ದಡ್ಡರನ್ನು ಹಾಸ್ಯ ಮಾಡುತ್ತಿದ್ದರು. ಈಗ ಕೊಡಲಿ ಹಿಡಿದವರು ದಡ್ಡರಲ್ಲ, ಲೆಕ್ಕ ಬಲ್ಲವರು. ಅವರ ಲೆಕ್ಕವನ್ನು ನಾವೂ ಕಲಿಯಬೇಕು. ಕಾರ್ಮಿಕನ ಮನೆಯಲ್ಲಿ, ವ್ಯಾಪಾರಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇರುವ ಯಂತ್ರ ಅವರವರ ಬೆವರಿನ ಗಳಿಕೆ. ಅದು ಎಷ್ಟು ದಿನ ಬದುಕಬೇಕೆಂಬುದನ್ನು ಕಂಪೆನಿ ಗೊತ್ತುಮಾಡುವುದಕ್ಕೆ ನಾವು ಬಿಡಬಾರದು.